ಬಂದ್ ಮಾಡಿದ್ರೂ ಬಂದ್ ಆಗದ ಫ್ಯಾಕ್ಟರಿಗೋಳು

ಹೋದ ವಾರ ಜಮಖಂಡಿಯೊಳಗಿನ ನಮ್ಮ ಅಂಗಡಿಗೆ ಕಾಕಾ ಬಂದಿದ್ದ, ಪಂಪಿನ ಸೀಲ್ ಹೋಗೇತಿ ಅಂತ. ನಾ ಪಂಪ್ ಬಿಚ್ಚೂದ್ರಾಗ ಅಂವ ಮೊಬೈಲ್ ನೋಡಕೋಂತ ಕುಂತಿದ್ದ. ಯಾರೋ ಕಳಿಸಿದ ವಿಡಿಯೋ, ಒಬ್ಬಾಂವ ಒಂದೇ ಸವನ ಒದರಾಕತ್ತಿದ್ದ, ಕೂಡಗಿ ಒಡದ್ರ ವಿಜಯಪುರ ಬಾಗಲಕೋಟಿ ಎರಡೂ ಚೆರ್ನೋಬಿಲ್ ಆಗ್ತಾವು, ಮೂರು ತಲಿಮಾರು ಹುಲ್ಲ ಹುಟ್ಟಂಗಿಲ್ಲ ಅಂತ. ನಾ ಹೇಳ್ದೆ, ಕಾಕಾ, ಕೂಡಗಿ ಕಲ್ಲಿದ್ದಲಿನ ಪ್ಲಾಂಟು, 800 ಮೆಗಾವ್ಯಾಟಿನ 3 ಯೂನಿಟ್ ಅದಾವ, ಅಲ್ಲಿ ಬೂದಿ ತ್ರಾಸ ಐತಿ, ನೀರಿನ ಜಗಳ ಐತಿ, ಆದ್ರ ಅಣು ರಿಯಾಕ್ಟರ್ ಇಲ್ಲ, ಚೆರ್ನೋಬಿಲ್ ಆಗಾಕ ಬೇಕಾದ ಸಾಮಾನ ಅಲ್ಲಿಲ್ಲ. ಅಂವ ವಿಡಿಯೋ ಬಂದ್ ಮಾಡಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಅದಿರಲಿ ತಮ್ಮಾ, ಬಂದ್ ಆದ ಫ್ಯಾಕ್ಟರಿಯೊಳಗ ಮಂದಿ ಯಾಕ ಸಾಯ್ತಾರಪಾ? ನಡ್ಯಾಕತ್ತಿದ್ದು ಸಿಡದ್ರ ತಿಳಿತೈತಿ. ಬಂದ್ ಆಗಿದ್ದು ಹೆಂಗ ಸಿಡಿತೈತಿ?"

ಅಂವ ಕೇಳೂದಕ್ಕ ಕಾರಣ ಇತ್ತು. ಅವನ ಮಗ ಮಲ್ಲು ಹಂಗಾಮ ಮುಗದ ಮ್ಯಾಲೆ ಕಾಂಟ್ರ್ಯಾಕ್ಟರ್ ಕೈಕೆಳಗ ಸಕ್ಕರಿ ಫ್ಯಾಕ್ಟರಿ ಟ್ಯಾಂಕ್ ತೊಳಿಯಾಕ ಹೋಗ್ತಾನ. ನಾನೂ ಈ ಅಂಗಡಿ ಹಾಕೂಕಿಂತ ಮುಂಚೆ 9 ಹಂಗಾಮ ಬಾಯ್ಲರ್ ಸೆಕ್ಷನ್ನಿನ್ಯಾಗ ದುಡದಾಂವ, ಅದಕ್ಕ ಆ ಪ್ರಶ್ನೆ ನನ್ನ ತಲಿಯಾಗ ಕುಂತ ಬಿಡ್ತು. ಯಾಕಂದ್ರ ಲೆಕ್ಕಾ ಹಾಕ್ಕೋಂತ ಹೋದಂಗ, ಜಗತ್ತಿನ ದೊಡ್ಡ ದೊಡ್ಡ ದುರಂತಗೋಳು ಎಷ್ಟೋ ಬಂದ್ ಇದ್ದ ಪ್ಲಾಂಟಿನ್ಯಾಗ, ಇಲ್ಲಾ ಬಂದ್ ಮಾಡೂ ಹೊತ್ತಿನ್ಯಾಗ ಆದಂಥವು. ಭೋಪಾಲದಾಗ ಆ ವಿಷ ತಯಾರು ಮಾಡೂ ಘಟಕ ಬಂದ್ ಆಗಿ ತಿಂಗಳ ಮ್ಯಾಲೆ ಆಗಿತ್ತು. ವಿಶಾಖಪಟ್ಟಣದಾಗ ಲಾಕ್‌ಡೌನ್. ಫುಕುಶಿಮಾದಾಗ ರಿಯಾಕ್ಟರ್‌ಗೋಳು ತಾವಾ ಬಂದ್ ಆಗಿ ಮುಕ್ಕಾಲು ತಾಸು ಆಗಿತ್ತು. ಚೆರ್ನೋಬಿಲ್ಲಿನ್ಯಾಗಂತೂ ಬಂದ್ ಮಾಡೂ ಬಟನ್ ಒತ್ತಿದ್ದಕ್ಕ ಸಿಡೀತು, ಇದನ್ನ ಹೇಳಿದ್ರ ಮಂದಿ ನಂಬಂಗಿಲ್ಲ.

ಮೊದಲು ಗಾಣದ ಮನಿಯಿಂದ ಶುರು ಮಾಡೂಣು. ಮಹಾಲಿಂಗಪುರ ಕಡೆ ಬೆಲ್ಲಾ ಮಾಡೂದು ನೋಡಿರ್ತೀರಿ. ಕೊಪ್ಪರಿಗಿಯೊಳಗ ಪಾಕ ಹದಕ್ಕ ಬಂದಾಗ ಒಲಿಗೆ ಸಿಪ್ಪಿ ಹಾಕೂದು ನಿಲ್ಲಿಸ್ತಾರ, ಆದ್ರ ಪಾಕ ಕುದಿಯೂದು ನಿಲ್ಲಂಗಿಲ್ಲ, ಕೆಳಗ ಕೆಂಡ ಐತಿ, ಕೊಪ್ಪರಿಗಿ ಸೈತ ಕಾದೈತಿ, ಕೈ ಆಡಸೂದು ಬಿಟ್ಟು ಬೀಡಿ ಸೇದಾಕ ಹೋದ್ರ ಪಾಕ ಹೊತ್ತಿ ಹೋಗ್ತೈತಿ. ಒಲಿ ಆರಿಸೂದು ಬ್ಯಾರೆ, ಕೊಪ್ಪರಿಗಿ ಆರೂದು ಬ್ಯಾರೆ. ಅಣು ರಿಯಾಕ್ಟರ್‌ದೂ ಇದೇ ಕತಿ, ಆದ್ರ ಅದರ ಕೆಂಡ ನೀರ ಹಾಕಿದ್ರ ಆರೂದಲ್ಲ.

ರಿಯಾಕ್ಟರ್ ಒಳಗ ಯುರೇನಿಯಂ ಅಣು ಒಡದು ಎರಡು ಹೋಳು ಆಗ್ತಾವು, ಆಗ ಕಾವು ಹುಟ್ಟತೈತಿ, ಆ ಕಾವಿನಿಂದ ಉಗಿ, ಉಗಿಯಿಂದ ಟರ್ಬೈನ್, ಅಲ್ಲಿಂದ ಮುಂದ ನಮ್ಮ ಸಕ್ಕರಿ ಫ್ಯಾಕ್ಟರಿಗೂ ಅದಕ್ಕೂ ಬಾಳ ಫರಕ್ ಇಲ್ಲ. ಕಂಟ್ರೋಲ್ ರಾಡ್ ಒಳಗ ಇಳಿಸಿದ್ರ ಅಣು ಒಡಿಯೂದು ಕ್ಷಣದಾಗ ನಿಲ್ತೈತಿ. ಆದ್ರ ಈಗಾಗಲೇ ಒಡದ ಹೋಳುಗೋಳು ಅದಾವಲ್ಲ, ಅವು ಶಾಂತ ಇರಂಗಿಲ್ಲ, ತಮ್ಮಷ್ಟಕ್ಕ ತಾವು ಕಿರಣ ಬಿಟಕೋಂತ ಕಾವು ಕೊಡಕೋಂತ ಇರ್ತಾವು, ಅವನ್ನ ನಿಲ್ಲಸೂ ಬಟನ್ ಇನ್ನೂ ಯಾರೂ ಕಂಡ ಹಿಡದಿಲ್ಲ. ಬಂದ್ ಆದ ಮರುಕ್ಷಣ ಪೂರ್ತಿ ಕಾವಿನ 6-7% ಉಳದಿರ್ತೈತಿ, ಒಂದು ದಿನ ಕಳದ ಮ್ಯಾಲೆ 1%ಕ್ಕಿಂತ ಕಮ್ಮಿ. ಒಂದು ಪರ್ಸೆಂಟ್ ಏನ್ ಮಹಾ ಅನಸ್ತೈತಿ. ಫುಕುಶಿಮಾದ 1ನೇ ಯೂನಿಟ್ಟಿನ ಕಾವು ಸುಮಾರು 1,380 ಮೆಗಾವ್ಯಾಟ್, ಅದರ ಅರ್ಧ ಪರ್ಸೆಂಟ್ ಅಂದ್ರ 7 ಮೆಗಾವ್ಯಾಟ್. ಅಷ್ಟು ಕಾವು ತಾಸಿಗೆ ಹತ್ತು-ಹನ್ನೊಂದು ಟನ್ ಕುದಿಯೂ ನೀರನ್ನ ಆವಿ ಮಾಡಿ ಹಾಕ್ತೈತಿ. ಅಂದ್ರ ಪ್ಲಾಂಟ್ ಬಂದ್ ಆಗಿ ಒಂದು ದಿನ ಆದ ಮ್ಯಾಲೆ ಸೈತ ತಾಸಿಗೆ 5,000 ಲೀಟರಿನ ಎರಡು ಟ್ಯಾಂಕರ್ ನೀರು ಅದರ ಹೊಟ್ಟಿಗೆ ಹೋಗ್ತಾ ಇರಬೇಕು, ಹಗಲು ರಾತ್ರಿ. ನೀರು ಹೋಗಬೇಕಂದ್ರ ಪಂಪ್ ಬೇಕು, ಪಂಪಿಗೆ ಕರೆಂಟ್ ಬೇಕು, ಮತ್ತ ಕರೆಂಟ್ ಮಾಡೂ ಪ್ಲಾಂಟೇ ಬಂದ್ ಆಗಿ ಕುಂತೈತಿ.

2011ರ ಮಾರ್ಚ್ 11ಕ್ಕ ಜಪಾನಿನ್ಯಾಗ ಆಗಿದ್ದು ಇದೇ. 9.0 ತೀವ್ರತೆಯ ಭೂಕಂಪ ಆತು, ನಡೀತಿದ್ದ 3 ರಿಯಾಕ್ಟರ್ ಹೇಳಿದಂಗ ಕೇಳಿ ಬಂದ್ ಆದ್ವು, ಹೊರಗಿನ ಲೈನ್ ಬಿತ್ತು, ಡೀಸೆಲ್ ಜನರೇಟರ್ ಶುರು ಆದ್ವು, ಇಲ್ಲೀತನಕ ಎಲ್ಲಾ ಪುಸ್ತಕದಾಗ ಬರದಂಗ. ಮುಂದ ಸುಮಾರು 50 ನಿಮಿಷಕ್ಕ ಸುನಾಮಿ ಬಂತು. ಪ್ಲಾಂಟ್ ಕಟ್ಟಿದ್ದ ನೆಲ ಸಮುದ್ರಕ್ಕಿಂತ 10 ಮೀಟರ್ ಎತ್ತರ, ನೀರು ಬಂದಿದ್ದು 14-15 ಮೀಟರ್. ಜನರೇಟರ್ ಎಲ್ಲಿ ಇಟ್ಟಿದ್ರು? ಬಾಳಷ್ಟು ನೆಲಮಾಳಗಿಯೊಳಗ. ನೀರು ಹೊಕ್ಕು ಜನರೇಟರ್, ಕರೆಂಟಿನ ಪ್ಯಾನೆಲ್, ಬ್ಯಾಟರಿ ಬಾಳಷ್ಟು ಕುಂತ ಬಿಟ್ವು. ಕಂಟ್ರೋಲ್ ರೂಮಿನ್ಯಾಗ ಕತ್ತಲಿ, ಒಳಗ ನೀರು ಎಷ್ಟೈತಿ ಅಂತ ತೋರಸೂ ಮೀಟರ್ ಸೈತ ಸತ್ತಿದ್ವು, ಕೆಲಸಗಾರರು ಪಾರ್ಕಿಂಗಿನ್ಯಾಗ ನಿಂತಿದ್ದ ಕಾರಿನ ಬ್ಯಾಟರಿ ಬಿಚ್ಚಿಕೊಂಡು ಬಂದು ಮೀಟರಿಗೆ ಹಚ್ಚಿ ನೋಡಿದ್ರು. ಅಷ್ಟೊಂದು ಮುಂದುವರದ ದೇಶದಾಗ, ಕಾರಿನ ಬ್ಯಾಟರಿ! ನೀರು ಆವಿ ಆಗಿ ಇಂಧನ ಬರಿದಾತು, ಇಂಧನದ ಮ್ಯಾಲಿನ ಜಿರ್ಕೋನಿಯಂ ಕವಚ ಕೆಂಪಗ ಕಾದು ಉಗಿಯ ಕೂಡ ಸೇರಿ ಹೈಡ್ರೋಜನ್ ಹುಟ್ಟಿಸ್ತು, ಆ ಹೈಡ್ರೋಜನ್ ಕಟ್ಟಡದ ಮಾಳಗಿ ಕೆಳಗ ತುಂಬಿ ಸಿಡೀತು. ಟಿವಿಯೊಳಗ ನೋಡಿದ ಆ ಸ್ಫೋಟ ಹೈಡ್ರೋಜನ್ನಿಂದು, ಅಣು ಬಾಂಬಿನಂಥದ್ದಲ್ಲ. ಅಣು ಬಾಂಬಿಗೆ ಬೇಕಾಗೂ ಇಂಧನವೇ ಬ್ಯಾರೆ, ಅದು ಇಲ್ಲಿ ಇರಂಗಿಲ್ಲ.

ಮತ್ತೊಂದು ಮಾತು ಹೇಳಬೇಕು, ಇದನ್ನ ಯಾರೂ ವಿಡಿಯೋ ಮಾಡಂಗಿಲ್ಲ. ಅದೇ ಸಮುದ್ರದ ದಂಡಿಗೆ ಓನಗಾವಾ ಅಂತ ಇನ್ನೊಂದು ಅಣು ಸ್ಥಾವರ ಐತಿ, ಭೂಕಂಪದ ಮೂಲಕ್ಕ ಫುಕುಶಿಮಾಕ್ಕಿಂತ ಹತ್ತರ. ಅದನ್ನ ಕಟ್ಟೂವಾಗ ನೆಲಾ ಇನ್ನೂ ಎತ್ತರಕ್ಕ ಇಟ್ಟಿದ್ರು, 14 ಮೀಟರಿನ ಹತ್ತರ. ದೊಡ್ಡ ಅನಾಹುತ ಏನೂ ಆಗ್ಲಿಲ್ಲ, ಉಲ್ಟಾ ಮನಿ ಕಳಕೊಂಡ ಸುತ್ತಲಿನ ಹಳ್ಳಿ ಮಂದಿ ಬಂದು ಆ ಸ್ಥಾವರದ ಜಿಮ್ನೇಶಿಯಮ್ಮಿನ್ಯಾಗ ಇದ್ರು. ಒಂದೇ ಸುನಾಮಿ, ಅಂತರ ಮೂರು ನಾಕು ಮೀಟರಿಂದು.

ಈಗ ಚೆರ್ನೋಬಿಲ್, ಆಗಿನ ಸೋವಿಯತ್ ದೇಶದ ಯುಕ್ರೇನಿಂದು. 1986ರ ಏಪ್ರಿಲ್ 26, ನಡುರಾತ್ರಿ 1 ಗಂಟೆ 23 ನಿಮಿಷ, 4ನೇ ರಿಯಾಕ್ಟರ್. ಆವತ್ತು ಅದನ್ನ ರಿಪೇರಿಗಂತ ಬಂದ್ ಮಾಡಾಕತ್ತಿದ್ರು, ಬಂದ್ ಮಾಡೂವಾಗ ಒಂದು ಟೆಸ್ಟ್ ಮಾಡೂಣು ಅಂತ ಹೊಂಟ್ರು. ಟೆಸ್ಟ್ ಏನಂದ್ರ, ಕರೆಂಟ್ ಹೋದ್ರ ಡೀಸೆಲ್ ಜನರೇಟರ್ ಶುರು ಆಗೂತನಕ ತಿರುಗಿಕೋಂತ ನಿಲ್ಲೂ ಟರ್ಬೈನಿನ ಜೋರಿನ ಮ್ಯಾಲೇ ಪಂಪ್ ನಡೀತಾವೇನು ಅಂತ ನೋಡೂದು. ಅಂದ್ರ ಸುರಕ್ಷತಾ ಟೆಸ್ಟು! ಹಗಲು ಪಾಳಿಯವ್ರು ಮಾಡಬೇಕಾಗಿತ್ತು, ಆದ್ರ ಕೀವ್ ಗ್ರಿಡ್ಡಿನವ್ರು ಈಗ ಬಂದ್ ಮಾಡಬ್ಯಾಡ್ರಿ, ಕರೆಂಟ್ ಬೇಕಾಗೇತಿ ಅಂದ್ರು, ರಾತ್ರಿ 11ರ ತನಕ ತಡಾ ಆತು, ತಯಾರಿ ಇಲ್ಲದ ರಾತ್ರಿ ಪಾಳಿ ಕೈಗೆ ಕೆಲಸ ಬಂತು. ಪಾಳಿ ಬದಲಾಗೂವಾಗ ಅರ್ಧ ಮಾಡಿದ ಕೆಲಸ ಇನ್ನೊಬ್ಬರ ಕೈಗೆ ಕೊಡೂದು ಎಂಥಾ ಕೆಟ್ಟದ್ದು ಅಂತ ಯಾವ ಫ್ಯಾಕ್ಟರಿಯಾಗ ದುಡದಾಂವನ್ನ ಕೇಳ್ರಿ ಬೇಕಾದ್ರ.

700 ಮೆಗಾವ್ಯಾಟ್ ಕಾವಿನ ಮ್ಯಾಲೆ ಮಾಡಬೇಕಾದ ಟೆಸ್ಟು, ಪವರ್ ಜಾರಿ 30ಕ್ಕ ಬಿತ್ತು. ಅಷ್ಟು ಕೆಳಗ ಬಿದ್ರ ಒಳಗ ಝೆನಾನ್ ಅನ್ನೂ ಅನಿಲ ಕೂಡತೈತಿ, ಅದು ನ್ಯೂಟ್ರಾನ್, ಅಂದ್ರ ಅಣು ಒಡಿಯೂ ಕಣ, ನುಂಗತೈತಿ, ಹಸಿ ಸಿಪ್ಪಿ ಹಾಕಿದ ಒಲಿ ಇದ್ದಂಗ, ಹತ್ತಂಗೇ ಇಲ್ಲ. ಮ್ಯಾಲೆ ಎತ್ತಬೇಕಂತ ಕಂಟ್ರೋಲ್ ರಾಡ್ ಹೆಚ್ಚೂಕಮ್ಮಿ ಎಲ್ಲಾ ಹೊರಗ ಎಳದ್ರು, ಆದ್ರೂ 200ಕ್ಕ ಬಂದು ನಿಂತ್ತು. ಅಲ್ಲೇ ಬಿಟ್ಟಿದ್ರ ಆಗ್ತಿತ್ತು, ಟೆಸ್ಟ್ ಮುಗಸೂಣು ಅಂದ್ರು. ಆ ರಿಯಾಕ್ಟರಿನ ಗುಣಾ ಏನಂದ್ರ, ಒಳಗ ಹರಿಯೂ ನೀರು ಸ್ವಲ್ಪ ನ್ಯೂಟ್ರಾನ್ ಹೀರತಿತ್ತು, ನೀರು ಕುದ್ದು ಉಗಿ ಆದ್ರ ಹೀರೂದು ಕಮ್ಮಿ, ಆಗ ಪವರ್ ಏರತೈತಿ, ಪವರ್ ಏರಿದ್ರ ಮತ್ತಷ್ಟು ಉಗಿ. ಕಡೀಕ ಬಂದ್ ಮಾಡೂ ಬಟನ್ ಒತ್ತಿದ್ರು. ರಾಡ್ ಇಳದ್ವು. ಆದ್ರ ಆ ರಾಡಿನ ಕೆಳತುದಿಗೆ ಗ್ರಾಫೈಟ್ ಇತ್ತು, ಗ್ರಾಫೈಟ್ ಇಳದಲ್ಲಿ ನೀರು ಸರಿತಿತ್ತು, ಅದರಿಂದ ಮೊದಲ ಕೆಲವು ಸೆಕೆಂಡ್ ಕೆಳಗಿನ ಭಾಗದಾಗ ಪವರ್ ಇಳಿಯೂ ಬದಲಿ ಏರಿತು. ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ಇಳಕಲಿನ್ಯಾಗ ಹೊಂಟೈತಿ, ಬ್ರೇಕ್ ತುಳದ್ರ ಮೊದಲ ಒಂದು ಗಳಿಗಿ ಎಕ್ಸಲೇಟರ್ ಕೂಡತೈತಿ, ಆಮ್ಯಾಲೆ ಬ್ರೇಕ್ ಹಿಡಿತೈತಿ ಅಂದ್ರ ಹೆಂಗ? ಸಪಾಟ ರಸ್ತೆಯಾಗ ಗೊತ್ತೇ ಆಗಂಗಿಲ್ಲ. ಇಳಕಲಿನ್ಯಾಗ ಆ ಒಂದು ಗಳಿಗಿ ಸಾಕು. ಸಿಟ್ಟು ಬರೂದು ಎಲ್ಲಿ ಅಂದ್ರ, ಈ ದೋಷ 1983ರಾಗ ಲಿಥುವೇನಿಯಾದ ಇಗ್ನಾಲಿನಾ ಸ್ಥಾವರದಾಗ ಅದೇ ಜಾತಿ ರಿಯಾಕ್ಟರಿನ್ಯಾಗ ಕಂಡಿತ್ತು. ಡಿಸೈನ್ ಮಾಡಿದವ್ರಿಗೆ ಗೊತ್ತಿತ್ತು, ಬಟನ್ ಒತ್ತೂ ಮಂದಿಗೆ ಸರಿಯಾಗಿ ಹೇಳಿರಲಿಲ್ಲ.

ಆ ರಾತ್ರಿ ಇಬ್ಬರು ಸತ್ರು. ಬೆಂಕಿ ಆರಿಸಾಕ ಹೋದವ್ರು, ಪ್ಲಾಂಟಿನವ್ರು ಸೇರಿ 134 ಮಂದಿಗೆ ಕಿರಣದ ಬ್ಯಾನಿ ಆತು, ಅವ್ರಾಗ 28 ಮಂದಿ ಮುಂದಿನ ತಿಂಗಳುಗಳಾಗ ಹೋದ್ರು. ಗ್ರಾಫೈಟ್ ಬೆಂಕಿ ಹತ್ತು ದಿನದ ತನಕ ಉರಿತು. ಪಕ್ಕದ ಪ್ರಿಪ್ಯಾತ್ ಊರಿಗೆ ಮಾತ್ರ ಬೆಳಗಾದ ಮ್ಯಾಲೆ, ಶನಿವಾರ, ಯಾರೂ ಏನೂ ಹೇಳಲಿಲ್ಲ, ಹುಡುಗ್ರು ಹೊರಗ ಆಡಾಕತ್ತಿದ್ವು, ಸುಮಾರು 36 ತಾಸು ಆದ ಮ್ಯಾಲೆ ಬಸ್ ಬಂದು ಹೆಚ್ಚೂಕಮ್ಮಿ 49,000 ಮಂದೀನ ಹತ್ತಿಸಿಕೊಂಡು ಹೋದ್ವು, ಸ್ವಲ್ಪ ದಿನದ ಮಟ್ಟಿಗೆ ಅಂತ ಹೇಳಿ. ಹೊರಗಿನ ಜಗತ್ತಿಗೆ ತಿಳದಿದ್ದು ಹೆಂಗ ಅಂದ್ರ, ಸಾವಿರ ಕಿಲೋಮೀಟರ್ ಮ್ಯಾಲೆ ದೂರ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದಾಗ ಏಪ್ರಿಲ್ 28ಕ್ಕ ಕೆಲಸಗಾರನ ಬೂಟಿಗೆ ಅಲಾರಂ ಹೊಡೀತು. ಅವ್ರು ಮೊದಲು ತಮ್ಮ ಪ್ಲಾಂಟೇ ಸೋರಾಕತ್ತೈತಿ ಅಂತ ಹೆದರಿದ್ರು.

ಬಾಗಲಕೋಟಿ ಮಂದಿಗೆ ಊರ ಬಿಡೂದು ಏನು ಅಂತ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿ ಹಿನ್ನೀರು ಬಂದು ಹಳೇ ಊರಿನ ಓಣಿ ಓಣಿ ಮುಳಗಿದ್ವು, ನವನಗರಕ್ಕ ಹೋಗಿ ಇಷ್ಟು ವರ್ಷ ಆದ್ರೂ ನಮ್ಮ ಅತ್ತಿ ಇನ್ನೂ "ನಮ್ಮ ಮನಿ" ಅಂದ್ರ ನೀರಾಗಿನ ಮನಿ ಅಂತಾಳ. ಆದ್ರ ಮುಳುಗಡಿಯೊಳಗ ನೋಟೀಸ್ ಬಂದಿತ್ತು, ಬಾಗಲಾ ಚೌಕಟ್ಟು ಸೈತ ಕಿತಗೊಂಡು ಹೋಗಾಕ ವ್ಯಾಳ್ಯಾ ಇತ್ತು, ದೇವ್ರನ್ನ ಹೊತಗೊಂಡು ಹೋದ್ರು. ಪ್ರಿಪ್ಯಾತ್ ಮಂದಿ ನಾಯಿ ಬೆಕ್ಕು ಬಿಟ್ಟು ಹೋದ್ರು. ಫುಕುಶಿಮಾದಾಗ ಒಂದೂವರೆ ಲಕ್ಷದ ಮ್ಯಾಲೆ ಮಂದಿ ಊರ ಬಿಟ್ರು, ದವಾಖಾನಿ ಮಂಚದ ಮ್ಯಾಲಿದ್ದ ಮುದುಕರನ್ನ ಗಡಿಬಿಡಿಯೊಳಗ ಬಸ್ಸಿಗೆ ಹಾಕಿದ್ರು, ಆ ಅಲೆದಾಟ, ಚಳಿ, ಔಷಧ ಇಲ್ಲದ್ದು, ಆಮ್ಯಾಲಿನ ಚಿಂತಿ, ಇದರಿಂದ ಆ ಪ್ರಾಂತದಾಗ 2,000ಕ್ಕೂ ಹೆಚ್ಚು ಮಂದಿ ಸತ್ರು ಅಂತ ಸರ್ಕಾರದ ಲೆಕ್ಕದಾಗೇ ಐತಿ. ಕಿರಣದಿಂದ ಸತ್ತಿದ್ದು ಅಂತ ಜಪಾನ್ ಸರ್ಕಾರ 2018ರಾಗ ಒಪ್ಪಿಕೊಂಡಿದ್ದು ಒಬ್ಬ ಕೆಲಸಗಾರನ ಸಾವು. ಹಂಗಂತ ಕಿರಣ ಹಗರ ಅಂತ ನಾ ಹೇಳಾಕತ್ತಿಲ್ಲ, ಓಡಸೂದಕ್ಕೂ ಒಂದು ಪದ್ಧತಿ ಬೇಕು, ಅದೂ ಮೊದಲೇ ಮಾಡಿಟ್ಟಿದ್ದಿರಬೇಕು.

ಕಿರಣದ ವಿಷಯದಾಗ ಮೂರು ತಲಿಮಾರು ಅನ್ನೂ ಮಾತು ಬರ್ತೈತಲ್ಲ, ಅದನ್ನ ರೊಟ್ಟಿ ಲೆಕ್ಕದಾಗ ತಿಳಕೋಬೇಕು. ಒಂದು ರೊಟ್ಟಿ ಐತಿ, ಅರ್ಧಾ ಖಾಲಿ ಆಗಾಕ 8 ದಿನ, ಉಳದ ಅರ್ಧದ ಅರ್ಧಕ್ಕ ಮತ್ತ 8 ದಿನ, ಹಿಂಗ ಹೋಗಿ ಹೋಗಿ 80 ದಿನಕ್ಕ ಸಾವಿರದಾಗ ಒಂದು ಚೂರು ಉಳಿತೈತಿ. ಅದು ಅಯೋಡಿನ್-131, ಕಿರಣ ಬಿಡೂ ಆ ಹೋಳುಗಳಾಗ ಒಂದು. ಸೀಸಿಯಂ-137ಕ್ಕ ಅರ್ಧಾ ಆಗಾಕ 30 ವರ್ಷ, ಅದಕ್ಕ ಚೆರ್ನೋಬಿಲ್ ಸುತ್ತಲಿನ ನೆಲಾ ಇನ್ನೂ ಬ್ಯಾಲಿ ಒಳಗೈತಿ. ಆದ್ರ ಹುಡುಗ್ರಿಗೆ ಹೊಡತ ಕೊಟ್ಟಿದ್ದು ಲಗೂ ಸಾಯೂ ಆ ಅಯೋಡಿನ್ನೇ. ಹುಲ್ಲಿನ ಮ್ಯಾಲೆ ಬಿತ್ತು, ಹುಲ್ಲನ್ನ ಆಕಳ ತಿಂತು, ಹಾಲಿಗೆ ಬಂತು, ಹಾಲು ಹುಡುಗ್ರು ಕುಡದ್ವು, ಗಂಟಲದ ಥೈರಾಯ್ಡ್ ಗ್ರಂಥಿ ಅಯೋಡಿನ್ ಅಂದ್ರ ಹಸದಂಗ ಎಳಕೋತೈತಿ, ಒಳ್ಳೇದ್ಯಾವುದು ಕೆಟ್ಟದ್ಯಾವುದು ಅದಕ್ಕ ಗೊತ್ತಿಲ್ಲ. 2005ರ ಹೊತ್ತಿಗೆ ಆಗ ಸಣ್ಣವ್ರಿದ್ದವ್ರಾಗ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಕಂಡ್ವು, ಅದರಾಗ ಎಷ್ಟೋದಕ್ಕ ಆ ಹಾಲು ಕಾರಣ. ಎರಡು ತಿಂಗಳು ಆ ಹಾಲು ಕುಡಿಬ್ಯಾಡ್ರಿ ಅಂತ ಮೊದಲನೇ ದಿನ ಡಂಗುರಾ ಸಾರಿದ್ರ ಬಾಳಷ್ಟು ತಪ್ಪತಿತ್ತು. ಡಂಗುರಕ್ಕ ಖರ್ಚು ಎಷ್ಟು?

ನಮ್ಮ ದೇಶದಾಗ ಬಂದ್ ಆಗಿಯೂ ಬಂದ್ ಆಗದ ರಿಯಾಕ್ಟರಿನ ಕತಿ ಒಂದೈತಿ, ಬಾಳ ಮಂದಿಗೆ ಗೊತ್ತಿಲ್ಲ. ಉತ್ತರಪ್ರದೇಶದ ನರೋರಾ, 1993ರ ಮಾರ್ಚ್ 31, ಬೆಳಗಿನ ಜಾವ. ಟರ್ಬೈನಿನ ಎರಡು ಬ್ಲೇಡ್ ಮುರದ್ವು, ಆ ಅದರಾಟಕ್ಕ ಪೈಪ್ ಬಿಟ್ವು, ಜನರೇಟರ್ ತಂಪ ಮಾಡೂ ಹೈಡ್ರೋಜನ್ ಸೋರಿ ಹತ್ತಿತು, ಎಣ್ಣಿ ಹತ್ತಿತು, ಕೇಬಲ್ ಸುಟ್ಟ್ವು. ಕೇಬಲ್ ಎಲ್ಲಾ ಒಂದೇ ಹಾದಿಯೊಳಗ ಹಾಕಿದ್ರು, ಅದಕ್ಕ ಒಂದೇ ಬೆಂಕಿಗೆ ಮುಖ್ಯ ಲೈನೂ ಹೋತು, ಎಮರ್ಜೆನ್ಸಿ ಲೈನೂ ಹೋತು. ಸುಮಾರು 17 ತಾಸು ಕರೆಂಟಿಲ್ಲ. ಕಂಟ್ರೋಲ್ ರೂಮಿಗೆ ಹೊಗಿ ತುಂಬಿ ಆಪರೇಟರ್‌ಗೋಳು ಹೊರಗ ಬಂದ್ರು. ಆದ್ರ ಬಿಟ್ಟು ಓಡಲಿಲ್ಲ, ಟಾರ್ಚ್ ಹಿಡಕೊಂಡು ಕತ್ತಲಿಯೊಳಗ ಮ್ಯಾಲೆ ಹತ್ತಿ ಕೈಯಿಂದ ವಾಲ್ವ್ ತಿರುವಿ ನ್ಯೂಟ್ರಾನ್ ನುಂಗೂ ಬೋರಾನ್ ದ್ರಾವಣ ರಿಯಾಕ್ಟರಿಗೆ ಬಿಟ್ರು, ಬೆಂಕಿ ಆರಿಸೂ ಡೀಸೆಲ್ ಪಂಪಿನಿಂದ ಸ್ಟೀಮ್ ಜನರೇಟರಿಗೆ ನೀರು ಹಾಯಿಸಿದ್ರು. ಬೆಂಕಿ ಪಂಪ್ ಹಚ್ಚಿ ರಿಯಾಕ್ಟರ್ ಉಳಿಸಿದ್ರು ಅಂತ ಓದಿದಾಗ ನನ್ನಂಥ ಪಂಪಿನ ಅಂಗಡಿಯಾಂವಗ ಎದಿ ಉಬ್ಬತೈತಿ ನೋಡ್ರಿ. ಯಾರಿಗೂ ಏನೂ ಆಗಲಿಲ್ಲ, ಕಿರಣ ಹೊರಗ ಬರಲಿಲ್ಲ.

ಇದನ್ನ ಯಾಕ ಹೇಳ್ದೆ ಅಂದ್ರ, ನಮ್ಮ ಖಾನಾಪುರಕ್ಕ ಹತ್ತಿದ ಜಿಲ್ಲೆಯೊಳಗ, ಕಾಳಿ ನದಿ ದಂಡಿಗಿರೂ ಕೈಗಾದ 220 ಮೆಗಾವ್ಯಾಟಿನ 4 ಯೂನಿಟ್ಟೂ ನರೋರಾದ ಜಾತಿಯವು. ಚೆರ್ನೋಬಿಲ್ಲಿನಂಗ ಗ್ರಾಫೈಟ್ ಇಲ್ಲ, ಭಾರಜಲ ಐತಿ, ಸುತ್ತ ದಪ್ಪ ಕಾಂಕ್ರೀಟಿನ ಗುಮ್ಮಟ ಐತಿ, ಚೆರ್ನೋಬಿಲ್ಲಿಗೆ ಅಂಥಾ ಗುಮ್ಮಟ ಇರಲಿಲ್ಲ. ಅದೇ ಗುಮ್ಮಟ 1994ರ ಮೇ 13ಕ್ಕ ಕಟ್ಟೂವಾಗ ಒಳಗಿನ ಪದರ ಕಳಚಿ ನೂರು ಟನ್ನಿನ ಮ್ಯಾಲೆ ಕಾಂಕ್ರೀಟ್ ಕೆಳಗ ಬಿದ್ದಿತ್ತು, ಇನ್ನೂ ಇಂಧನ ಹಾಕಿರಲಿಲ್ಲ ಅನ್ನೂದು ಪುಣ್ಯಾ. ಆಮ್ಯಾಲೆ ಡಿಸೈನ್ ಬದಲಿ ಮಾಡಿ ಕಟ್ಟಿದ್ರು. ಅದೇ ಕೈಗಾದ 1ನೇ ಯೂನಿಟ್ 2018ರಾಗ 941 ದಿನ ದಾಟಿ ನಿಲ್ಲದ ನಡದು ಜಗತ್ತಿನ ದಾಖಲೆ ಮಾಡ್ತು. ಎರಡೂ ಖರೇನೇ.

ಅಣು ಸಾಕು, ರಸಾಯನಕ್ಕ ಬರೂಣು, ಯಾಕಂದ್ರ ಬಂದ್ ಆದ ಫ್ಯಾಕ್ಟರಿ ಕೊಂದಷ್ಟು ಮಂದೀನ ಯಾವ ರಿಯಾಕ್ಟರೂ ಹಂಗ ಒಂದು ರಾತ್ರಿಯೊಳಗ ಕೊಂದಿಲ್ಲ. 1984ರ ಡಿಸೆಂಬರ್ 2ರ ರಾತ್ರಿ, ಭೋಪಾಲ. ಯೂನಿಯನ್ ಕಾರ್ಬೈಡ್ ಫ್ಯಾಕ್ಟರಿಯಾಗ ಕೀಟನಾಶಕ ಮಾಡಾಕ ಬೇಕಾಗೂ ಮೀಥೈಲ್ ಐಸೋಸೈನೇಟ್, ಎಲ್ಲಾರೂ ಎಂಐಸಿ ಅಂತಾರ, ಇ610 ಅನ್ನೂ ಟ್ಯಾಂಕಿನ್ಯಾಗ ಸುಮಾರು 40 ಟನ್ ಇತ್ತು. ಇದು 39 ಡಿಗ್ರಿಗೆ ಕುದಿತೈತಿ. ನಮ್ಮ ವಿಜಯಪುರದ ಏಪ್ರಿಲ್ ಬಿಸಲಿಗೆ ಬಟ್ಟಲದಾಗ ಇಟ್ರ ತಾನಾ ಕುದ್ದು ಹಾರಿ ಹೋಗ್ತೈತಿ, ಅಂಥಾದ್ದು. ನೀರು ಕೂಡಿದ್ರ ಕಾವು ಬಿಡ್ತೈತಿ, ಕಾವಿಗೆ ಇನ್ನೂ ಜೋರು. ಅದಕ್ಕ ಅದನ್ನ ಸೊನ್ನಿ ಡಿಗ್ರಿ ಹತ್ತರ ತಂಪಿನ್ಯಾಗ ಇಡಬೇಕು. ಫ್ಯಾಕ್ಟರಿ ನಷ್ಟದಾಗ ಇತ್ತು, ಉತ್ಪಾದನೆ ಕಮ್ಮಿ ಆಗಿತ್ತು, ಖರ್ಚು ಯಾಕ ಅಂತ ತಂಪ ಮಾಡೂ ಮಷಿನ್ ಜೂನ್‌ದಾಗೇ ಬಂದ್ ಮಾಡಿದ್ರು. ಸೋರಿದ ಅನಿಲ ಸುಡೂ ಫ್ಲೇರ್ ಟವರಿನ ಪೈಪು ತುಕ್ಕ ಹಿಡದಿತ್ತು ಅಂತ ಬಿಚ್ಚಿಟ್ಟಿದ್ರು. ಅನಿಲ ತೊಳಿಯೂ ಸ್ಕ್ರಬರ್ ಸುಮ್ಮನ ನಿಂತಿತ್ತು, ನಡದಿದ್ರೂ ಅಷ್ಟು ಅನಿಲ ಅದರ ಕೈಲೆ ಆಗ್ತಿರಲಿಲ್ಲ. ನೀರಿನ ಫವಾರಾ ಆ ಎತ್ತರಕ್ಕ ಮುಟ್ಟತಿರಲಿಲ್ಲ. ಅಂದ್ರ ನಾಕು ಕಾವಲುಗಾರರು, ನಾಕೂ ಮಂದಿ ರಜಾದ ಮ್ಯಾಲೆ. ಆ ರಾತ್ರಿ ಟ್ಯಾಂಕಿಗೆ ನೀರು ಹೊಕ್ತು, ಒಳಗಿನ ಕಾವು 200 ಡಿಗ್ರಿ ದಾಟಿತು.

ಅನಿಲ ಗಾಳಿಗಿಂತ ಭಾರ, ನೆಲಾ ಹಿಡದು ಫ್ಯಾಕ್ಟರಿ ಗ್ವಾಡಿಗೆ ಹತ್ತಿದ್ದ ಗುಡಸಲಗೋಳಿಗೆ ಹೊಕ್ತು. ಮಂದಿ ಓಡಿದ್ರು, ಓಡಿದಷ್ಟು ಉಸರು ಜಾಸ್ತಿ, ಉಸರು ಜಾಸ್ತಿ ಆದಷ್ಟು ವಿಷ ಜಾಸ್ತಿ. ಹಸಿ ಅರಬಿ ಮುಖಕ್ಕ ಹಿಡದು ಗಾಳಿಗೆ ಅಡ್ಡ ಹೋಗ್ರಿ ಅಂತ ಯಾರಾರ ಹೇಳಿದ್ರ ಎಷ್ಟೋ ಜೀವ ಉಳೀತಿದ್ವು, ಹೇಳೂವರಿಲ್ಲ. ದವಾಖಾನಿ ಡಾಕ್ಟರಿಗೆ ಯಾವ ಅನಿಲ ಅಂತ ಸೈತ ಗೊತ್ತಿರಲಿಲ್ಲ. ಮಧ್ಯಪ್ರದೇಶ ಸರ್ಕಾರ 3,787 ಸಾವು ಅಂದಿತು, ಪರಿಹಾರ ಕೊಡೂವಾಗ ಆ ಲೆಕ್ಕ 5,000 ದಾಟಿತು, ಉಳದವ್ರ ಅಂದಾಜು 15,000 ಮತ್ತ ಅದಕ್ಕೂ ಮ್ಯಾಲೆ. 5 ಲಕ್ಷಕ್ಕೂ ಹೆಚ್ಚು ಮಂದಿಗೆ ಗಾಯ ಅಂತ ಪರಿಹಾರ ಕೊಟ್ರು, ಬಾಳ ಮಂದಿ ಕೈಗೆ ಬಂದಿದ್ದು 25,000 ರೂಪಾಯಿ, ಕಂಪನಿ 1989ರಾಗ 47 ಕೋಟಿ ಡಾಲರಿಗೆ ಕೈ ತೊಳಕೊಂಡ್ತು. 2010ರಾಗ ಭಾರತದ ಅಧಿಕಾರಿಗೋಳಿಗೆ 2 ವರ್ಷ ಶಿಕ್ಷಾ, ಅವತ್ತೇ ಜಾಮೀನು. ಮತ್ತ ಆ ಫ್ಯಾಕ್ಟರಿ ಅಂದ್ರ ಇನ್ನೂ ಬಂದ್ ಆಗಿಲ್ಲ ಅನ್ರಿ ಬೇಕಾದ್ರ, ಅಲ್ಲಿದ್ದ 337 ಟನ್ ವಿಷದ ಕಸಾ ಪೀಥಂಪುರಕ್ಕ ಸುಡಾಕ ಸಾಗಿಸಿದ್ದು 2025ರ ಜನವರಿಗೆ, 40 ವರ್ಷ ಆದ ಮ್ಯಾಲೆ. ಮಣ್ಣಾಗ ನೀರಾಗ ಇಳದಿದ್ದು ಅಲ್ಲೇ ಐತಿ.

ವಿಶಾಖಪಟ್ಟಣದ್ದು 2020ರ ಮೇ 7, ನಸುಕಿನ್ಯಾಗ. ಪ್ಲಾಸ್ಟಿಕ್ ಮಾಡೂ ಫ್ಯಾಕ್ಟರಿ, ಲಾಕ್‌ಡೌನಿಗೆ ಬಂದ್, ಟ್ಯಾಂಕಿನ್ಯಾಗ ಸ್ಟೈರೀನ್ ತುಂಬಿ ಇಟ್ಟಿದ್ರು. ಇದನ್ನ ನಮ್ಮ ರೈತರಿಗೆ ಹೇಳೂದು ಸಸಾರ. ಹಸಿ ಕಣಕಿ ಬಣವಿ ಒಟ್ಟಿದ್ರ ಏನಾಗ್ತೈತಿ? ಹೊರಗ ತಣ್ಣಗ, ಒಳಗ ಕೈ ಹಾಕಿದ್ರ ಸುಡತೈತಿ, ಬಿಟ್ರ ಒಂದಿನ ತಾನಾ ಹತ್ತಿಕೋತೈತಿ. ಸ್ಟೈರೀನೂ ಹಂಗ, ತನ್ನಷ್ಟಕ್ಕ ತಾ ಗಟ್ಟಿ ಆಗಾಕ ನೋಡ್ತೈತಿ, ಗಟ್ಟಿ ಆಗೂವಾಗ ಕಾವು ಬಿಡ್ತೈತಿ. ತಡಿಯಾಕ ಒಂದು ಔಷಧ ಹಾಕಿರ್ತಾರ, ಅದು ದಿನಾ ಕಳದಂಗ ಖರ್ಚ ಆಗ್ತೈತಿ, ಮತ್ತ ಟ್ಯಾಂಕ್ ತಂಪ ಇಟ್ಟು ಕಲಸ್ತಾ ಇರಬೇಕು. ಫ್ಯಾಕ್ಟರಿ ನಡದಾಗ ಸರಕು ಬರತಿತ್ತು ಹೋಗತಿತ್ತು, ಬಂದ್ ಆದಾಗ ಬಣವಿ ಹಂಗ ನಿಂತ್ತು. 12 ಮಂದಿ ಹೋದ್ರು.

ನಡೀತಿದ್ದಾಗ ಆಗೂವೂ ಅದಾವ, ಇಲ್ಲ ಅನ್ನಂಗಿಲ್ಲ. ಉತ್ತರಪ್ರದೇಶದ ಉಂಚಾಹಾರದ ಕಲ್ಲಿದ್ದಲ ಪ್ಲಾಂಟಿನ್ಯಾಗ 2017ರ ನವೆಂಬರ್ 1ಕ್ಕ ಬಾಯ್ಲರ್ ಕೆಳಗ ಬೂದಿ ಗಟ್ಟಿ ಕಟ್ಟಿ ಕುಂತಿತ್ತು. ಬಾಯ್ಲರ್ ಬಂದ್ ಮಾಡಿ ತಗೀಬೇಕಾದ್ದನ್ನ ನಡಸ್ಕೋಂತ ತಗಿಯಾಕ ಹೋದ್ರು, ಒತ್ತಡ ಏರಿ ಬಿಸಿ ಬೂದಿ, ಅನಿಲ ಹೊರಗ ನುಗ್ಗಿ 30ಕ್ಕೂ ಹೆಚ್ಚು ಮಂದಿ ಸತ್ರು. ಕೂಡಗಿಯೊಳಗ ಹೆದರಬೇಕಾದ್ರ ಇಂಥಾದ್ದಕ್ಕ ಹೆದರಬೇಕು. ಇನ್ನ ಸಕ್ಕರಿಗೇ ಬಂದ್ರ, ಅಮೆರಿಕದ ಜಾರ್ಜಿಯಾದ ಪೋರ್ಟ್ ವೆಂಟ್‌ವರ್ತ್ ಅನ್ನೂ ಊರಾಗ 2008ರ ಫೆಬ್ರವರಿ 7ಕ್ಕ ಸಕ್ಕರಿ ಧೂಳು ಸಿಡದು 14 ಮಂದಿ ಸತ್ರು. ಸಕ್ಕರಿ ಹೆಂಗ ಸಿಡಿತೈತಿ ಅಂತೀರಿ? ಜಾತ್ರಿಯೊಳಗ ಪಂಜಿಗೆ ರಾಳ ಒಗದಾಗ ಭಗ್ ಅಂತ ಜ್ವಾಲಿ ಏಳತೈತಲ್ಲ, ಅದೇ ರಾಳದ ಗಟ್ಟಿಗೆ ಬೆಂಕಿ ಹಚ್ಚಿದ್ರ ಮೆತ್ತಗ ಉರಿತೈತಿ. ಪುಡಿ ಆದ್ರ ಗಾಳಿ ಎಲ್ಲಾ ಕಡೆ ಹತ್ತಿ ಒಂದೇ ಸಲಕ್ಕ ಉರಿತೈತಿ. ಅಲ್ಲಿ ಕನ್ವೇಯರ್ ಬೆಲ್ಟಿಗೆ ಸುತ್ತ ತಗಡ ಮುಚ್ಚಿದ್ರು, ಸಕ್ಕರಿ ಸ್ವಚ್ಛ ಇರಲಿ ಅಂತ, ಧೂಳು ಹೊರಗ ಹೋಗದ ಒಳಗೇ ಕೂಡಿತು. ನಮ್ಮ ಬ್ಯಾಗಿಂಗ್ ಹೌಸಿನ್ಯಾಗ ತೊಲಿ ಮ್ಯಾಲೆ ಬೆರಳಿನಷ್ಟು ಸಕ್ಕರಿ ಧೂಳು ಕುಂತಿದ್ದನ್ನ ನಾ ನೋಡೇನಿ, ಅದನ್ನ ನಾವು ಹೊಲಸು ಅಂತಿದ್ವಿ, ಮದ್ದು ಅಂತ ಯಾರೂ ಅಂದಿರಲಿಲ್ಲ.

ಮತ್ತ ಕಾಕಾನ ಪ್ರಶ್ನೆ, ಟ್ಯಾಂಕು. ಡಿಸ್ಟಿಲರಿಯಿಂದ ಬರೂ ಸ್ಪೆಂಟ್ ವಾಶ್ ಅನ್ನೂ ಹೊಲಸು ನೀರು, ಮೊಲ್ಯಾಸಿಸ್ ತೊಳದ ನೀರು, ಹೊಲಸು ನೀರು ಶುದ್ಧ ಮಾಡೂ ಘಟಕದ (ಇಟಿಪಿ) ರಾಡಿ, ಎಲ್ಲಾದ್ರಾಗೂ ಕಣ್ಣಿಗೆ ಕಾಣದ ಹುಳಾ ಕೆಲಸ ಮಾಡಕೋಂತ ಇರ್ತಾವು, ಅವಕ್ಕ ಹಂಗಾಮ ಮುಗದಿದ್ದು ಗೊತ್ತಿಲ್ಲ. ಸಗಣಿ ಗ್ಯಾಸಿನಂಗ ಮೀಥೇನ್ ಬರ್ತೈತಿ, ಅದರ ಜೋಡಿ ಹೈಡ್ರೋಜನ್ ಸಲ್ಫೈಡ್. ಮೀಥೇನ್ ಸಿಡಿತೈತಿ. 2018ರ ಡಿಸೆಂಬರಿನ್ಯಾಗ ಮುಧೋಳ ಹತ್ತರ ಕುಳಲಿಯೊಳಗ ಇಂಥಾ ಘಟಕ ಸಿಡದು ಕಟ್ಟಡ ನೆಲಸಮ ಆಗಿ ಮಂದಿ ಸತ್ತಿದ್ದು ನಮ್ಮ ಕಡೆ ಎಲ್ಲಾರಿಗೂ ನೆಪ್ಪೈತಿ. ಹೈಡ್ರೋಜನ್ ಸಲ್ಫೈಡ್ ಮಾತ್ರ ಸದ್ದಿಲ್ಲದ ಕೊಲ್ತೈತಿ. ಸ್ವಲ್ಪ ಇದ್ರ ಕೊಳತ ತತ್ತಿ ವಾಸನಿ, ಜಾಸ್ತಿ ಆದ್ರ ಮೂಗು ಸತ್ತು ವಾಸನೀನೇ ಬರಂಗಿಲ್ಲ, ಆಗ ವಾಸನಿ ಹೋತು, ಗ್ಯಾಸ್ ಹೋಗೇತಿ ಅಂತ ಮಂದಿ ಕೆಳಗ ಇಳಿತಾರ.

ನಾ ದುಡೀತಿದ್ದ ಒಂದು ಕಡೆ, ಮೇ ತಿಂಗಳು, ಒಬ್ಬ ಹೆಲ್ಪರ್ ಕುಣಿಯೊಳಗ ಬಿದ್ದ ಚಪ್ಪಲಿ ತಗಿಯಾಕ ಇಳದ. ಚಪ್ಪಲಿ ಕೈಗೆ ಸಿಕ್ಕಿತು, ಹಂಗೇ ಕುಂತ, ಕುಂತಂವ ಮಲಗಿದ. ಇನ್ನೊಬ್ಬ ಹಿಂದ ಜಿಗಿಯಾಕ ಹೊಂಟಾಗ ಹಳೇ ಫಿಟ್ಟರ್ ಒಬ್ರು ಕಾಲರ್ ಹಿಡದು ಜಗ್ಗಿ ಕಪಾಳಕ್ಕ ಹೊಡದ್ರು, ಎರಡು ಹೆಣಾ ಎತ್ತಾಕ ನನ್ನ ಕೈಲೆ ಆಗಂಗಿಲ್ಲ ಅಂದ್ರು. ಬ್ಲೋವರ್ ಪೈಪ್ ಒಳಗ ಬಿಟ್ಟು ಗಾಳಿ ಹೊಡದು ಹಗ್ಗಾ ಕಟ್ಟಿ ಇಳದು ಅವನನ್ನ ತಗದ್ವಿ. ಉಳದ, ಆದ್ರ ಎಷ್ಟೋ ತಿಂಗಳು ಮಕ್ಕಳ ಹೆಸರು ನೆಪ್ಪ ಮಾಡಕೋಳಾಕ ತಿಣಕತಿದ್ದ. ಟ್ಯಾಂಕಿನ ಸಾವಿನ್ಯಾಗ ಒಂದಕ್ಕೆರಡು ಆಗೂದು ಹಿಂಗ, ಎರಡನೇದಾಂವ ಉಳಸಾಕ ಹೋಗಿ ಸಾಯ್ತಾನ.

ಕಾಕಾಗ ಇಷ್ಟೆಲ್ಲಾ ಹೇಳೂದ್ರಾಗ ಪಂಪ್ ರೆಡಿ ಆಗಿತ್ತು. ಅಂವ ಎದ್ದು ನಿಂತು, ಹಂಗಾರ ಮಲ್ಲೂಗ ಏನ್ ಕೇಳ್ಲಿ ಅಂದ. ನಾ ಅಂದೆ, ಇಳಿಯೂಕಿಂತ ಮುಂಚೆ ಗಾಳಿ ಎಷ್ಟು ತಾಸು ಹೊಡದಾರ, ಗ್ಯಾಸ್ ಮೀಟರ್ ಒಳಗ ಬಿಟ್ಟು ನೋಡ್ಯಾರೇನು, ಹಗ್ಗಾ ಹಿಡದು ಮ್ಯಾಲೆ ಒಬ್ಬ ನಿಂತಿರ್ತಾನೇನು, ಇಷ್ಟ ಕೇಳು. ಅಂವ ಅಲ್ಲೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ಮಲ್ಲು ನಗಕೋಂತ ಅಂದ, "ಹಗ್ಗಾ ಐತಿ ಅಪ್ಪಾ. ಮೀಟರೂ ಐತಿ, ಆದ್ರ ಅದರಾಗ ಚಾರ್ಜ್ ಇಲ್ಲ, ಚಾರ್ಜರ್ ಸಾಹೇಬ್ರ ಕಪಾಟಿನ್ಯಾಗ ಐತಿ, ಕೀಲಿ ಅವ್ರ ಕಡೆ ಐತಿ. ಸಾಹೇಬ್ರು ಹಂಗಾಮ ಮುಗೀತಂತ ಊರಿಗೆ ಹೋಗ್ಯಾರ, ಸೋಮವಾರ ಬರ್ತಾರಂತ."

ಆವತ್ತು ಗುರುವಾರ ಇತ್ತು.